ಮಂಗಳೂರಿನ ಕ್ರಿಸ್ಮಸ್: ಮಾಲ್‌ನ ಮರವೋ, ಚರ್ಚಿನ ಗೋದಲಿಯೋ, ಓಣಿಯ ನಕ್ಷತ್ರವೋ?

ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗಳು ರಜೆಗೆಂದು ನಮ್ಮ ಮನೆಗೆ ಬಂದಿದ್ದಳು. ಏಳು ವರ್ಷದ ಹುಡುಗಿ, ಬೆಳೆಯುತ್ತಿರುವುದು ಬೆಂಗಳೂರಿನಲ್ಲಿ. ಬಂದ ದಿನವೇ ಕೇಳಿದಳು: "ಮಾವ, ಇಲ್ಲಿ ಕ್ರಿಸ್ಮಸ್ ಲೈಟಿಂಗ್ ಎಲ್ಲಿ ಚೆನ್ನಾಗಿರುತ್ತೆ?" ನಾನು ಮಂಗಳೂರಲ್ಲೇ ಹುಟ್ಟಿ ಬೆಳೆದವನು. ಆದರೂ ಬಾಯಿಗೆ ತಟ್ಟನೆ ಉತ್ತರ ಬರಲಿಲ್ಲ. ನಮ್ಮೂರಿನಲ್ಲಿ ಇದಕ್ಕೆಂದೇ ಒಂದು ಬೀದಿ ಇಲ್ಲ. ಬೆಂಗಳೂರಿನವರು ಬ್ರಿಗೇಡ್ ರೋಡ್ ಅಂದುಬಿಡುತ್ತಾರೆ, ಮಾತು ಮುಗಿಯುತ್ತದೆ. ಇಲ್ಲಿ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇದೆ.

ಹಾಗಾಗಿ ಕೆಲವು ಸಂಜೆ ತೆಗೆದಿಟ್ಟು ಒಂದೊಂದನ್ನೇ ನೋಡಿಬಿಡೋಣ ಎಂದು ಹೊರಟೆವು. ಜೊತೆಗೆ ಅಮ್ಮನೂ ಇದ್ದರು. ಅವರಿಗೆ ಮಂಡಿನೋವು, ಜಾಸ್ತಿ ನಡೆಯಲಾಗುವುದಿಲ್ಲ. ಮಗುವಿಗೆ ಜಾಸ್ತಿ ಹೊತ್ತು ನಿಲ್ಲಲಾಗುವುದಿಲ್ಲ. ಇಬ್ಬರಿಗೂ ಹಿಡಿಸಿದ್ದು ಯಾವುದು ಅನ್ನುವುದೇ ನನ್ನ ಅಳತೆಗೋಲು.

ಮೊದಲ ಸಂಜೆ ಮಾಲ್‌ಗೆ ಹೋದೆವು. ಒಳಗೆ ನಡುಭಾಗದಲ್ಲಿ ಎರಡು ಮಹಡಿ ಎತ್ತರದ ಮರ. ಕಬ್ಬಿಣದ ಚೌಕಟ್ಟಿಗೆ ಹಸಿರು ಪ್ಲಾಸ್ಟಿಕ್ ಎಲೆ ಸುತ್ತಿ, ಚಿನ್ನದ ಬಣ್ಣದ ಗುಂಡುಗಳನ್ನು ಕಟ್ಟಿದ್ದರು. ಬುಡದಲ್ಲಿ ಹತ್ತಿಯ ಹಿಮ. ದೂರದಿಂದ ನೋಡಿದರೆ ನಿಜಕ್ಕೂ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಲಿಫ್ಟ್ ಇದೆ, ಕೂರಲು ಬೆಂಚ್ ಇದೆ, ಶೌಚಾಲಯ ಇದೆ. ಅಮ್ಮನಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಆದರೆ ಕಾರು ಒಳಗೆ ಬಿಡಲು ನಲವತ್ತು ನಿಮಿಷ ಸಾಲಿನಲ್ಲಿ ಕಾದೆವು. ಮರ ನೋಡಿದ್ದು ಹೆಚ್ಚೆಂದರೆ ಹತ್ತು ನಿಮಿಷ. ಸುತ್ತ ಹಗ್ಗ ಕಟ್ಟಿದ್ದರಿಂದ ಹತ್ತಿರ ಹೋಗುವಂತಿಲ್ಲ. ಹೋದರೂ ನೋಡಲು ಹೆಚ್ಚೇನೂ ಇಲ್ಲ. ಒಂದು ಗುಂಡು ನೋಡಿದರೆ ಎಲ್ಲ ಗುಂಡು ನೋಡಿದ ಹಾಗೆ. ಮಗು ಫೋಟೋ ತೆಗೆಸಿಕೊಂಡಳು. ಆಮೇಲೆ ಹೇಳಿದಳು: "ನಮ್ಮ ಮನೆ ಹತ್ತಿರದ ಮಾಲ್‌ನಲ್ಲೂ ಇದೇ ಮರ ಇದೆ." ಅಲ್ಲಿಗೆ ಆ ಸಂಜೆ ಮುಗಿಯಿತು.

ಎರಡನೆಯದು ಚರ್ಚುಗಳ ಸುತ್ತು. ಇದಕ್ಕೆ ಹಂಪನಕಟ್ಟೆಯೇ ಸರಿಯಾದ ಶುರು. ಬಸ್ಸಿನಲ್ಲಿ ಬಂದರೂ, ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಇಳಿದರೂ ಮಿಲಾಗ್ರಿಸ್ ಚರ್ಚಿಗೆ ನಡೆದೇ ಹೋಗಬಹುದು. 1680ರಲ್ಲಿ ಶುರುವಾದ ಚರ್ಚು ಅದು. ಈಗ ಕಾಣುವ ಕಟ್ಟಡ 1911ರದ್ದು. ಹಳೆಯ ಕಟ್ಟಡದ ಮೈಮೇಲೆ ಸಣ್ಣ ಬಲ್ಬಿನ ಸರ ಇಳಿಬಿಟ್ಟಾಗ ಕಂಬ, ಕಮಾನು, ಶಿಲುಬೆ ಎಲ್ಲ ಕತ್ತಲಲ್ಲಿ ಗೆರೆ ಎಳೆದಂತೆ ಎದ್ದು ಬರುತ್ತವೆ. ಮಾಲ್‌ನಲ್ಲಿ ಬೆಳಕು ಇತ್ತು, ಆದರೆ ಕತ್ತಲು ಇರಲಿಲ್ಲ. ಇಲ್ಲಿ ಎರಡೂ ಇವೆ. ಅದಕ್ಕೇ ಇಲ್ಲಿ ದೀಪಕ್ಕೆ ಜೀವ ಬಂದಿದೆ ಅನ್ನಿಸಿತು.

ನಾವು ಹೋದದ್ದು 23ನೇ ತಾರೀಕು. ಅಂಗಳದಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಹಟ್ಟಿಯ ದೃಶ್ಯ, ಕಟ್ಟುವ ಕೆಲಸ ಇನ್ನೂ ನಡೆಯುತ್ತಿತ್ತು. ನಾಲ್ಕು ಹುಡುಗರು ಬೈಹುಲ್ಲು ಹರಡುತ್ತಿದ್ದರು. ಒಬ್ಬರು ಹಿರಿಯರು ಗೋಣಿಚೀಲಕ್ಕೆ ಬಣ್ಣ ಬಳಿದು ಬಂಡೆ ಮಾಡುತ್ತಿದ್ದರು. ದನ ಇತ್ತು, ಕುರಿ ಇತ್ತು, ಮರಿಯಮ್ಮ ಮತ್ತು ಜೋಸೆಫ್ ಇದ್ದರು. ನಡುವಿನ ತೊಟ್ಟಿ ಖಾಲಿ. "ಮಗು ಎಲ್ಲಿ?" ಎಂದು ಹುಡುಗಿ ಕೇಳಿದಳು. "ಮಗು ಬರುವುದು ನಾಳೆ ರಾತ್ರಿ" ಎಂದರು ಆ ಹಿರಿಯರು. ಬಾಲಯೇಸುವಿನ ಮೂರ್ತಿಯನ್ನು 24ರ ರಾತ್ರಿಯ ಪೂಜೆಯ ಹೊತ್ತಿಗೇ ತಂದು ಮಲಗಿಸುವುದು ರೂಢಿ. ಅದು ಗೊತ್ತಾದ ಮೇಲೆ ಅವಳು ಮತ್ತೆ ಬರಲೇಬೇಕು ಎಂದು ಹಟ ಹಿಡಿದಳು. 26ರಂದು ಮತ್ತೆ ಹೋದೆವು. ಆ ಖಾಲಿ ತೊಟ್ಟಿ ನೋಡಿದ್ದರಿಂದಲೇ ತುಂಬಿದ ತೊಟ್ಟಿ ಅವಳಿಗೆ ಅಷ್ಟು ದೊಡ್ಡದಾಗಿ ಕಂಡಿತು. ಮಕ್ಕಳಿರುವವರಿಗೆ ನಾನು ಹೇಳುವುದು ಇದನ್ನೇ: ಸಾಧ್ಯವಾದರೆ ಒಂದೇ ಗೋದಲಿಯನ್ನು ಎರಡು ಸಲ ನೋಡಿ.

ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ನಮ್ಮ ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ಹಟ್ಟಿಯ ಒಳಗಿನ ಜಾಗ. ಕೂಸನ್ನು ಅಲ್ಲಿ ಮಲಗಿಸಿದ ಕಥೆಯನ್ನು ಜನರ ಕಣ್ಣಿಗೆ ಕಟ್ಟುವಂತೆ ತೋರಿಸಬೇಕು ಎಂದು 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು, ದನ, ಕತ್ತೆಗಳನ್ನು ಇಟ್ಟು ಇದನ್ನು ಏರ್ಪಡಿಸಿದರು. ಗೋದಲಿ ಕಟ್ಟುವ ಪದ್ಧತಿ ಹರಡಿದ್ದು ಅಲ್ಲಿಂದ. ನಮ್ಮೂರಿಗೆ ಬಂದ ಮೇಲೆ ಅದಕ್ಕೆ ತೆಂಗಿನ ಮಡಲು ಬಂತು, ಮುಳಿಹುಲ್ಲು ಬಂತು, ಹಂಚಿನ ಮಾಡು ಬಂತು. ಬೆತ್ಲೆಹೇಮಿನ ಹಟ್ಟಿ ಇಲ್ಲಿ ನಮ್ಮ ಅಜ್ಜನ ಮನೆಯ ಹಟ್ಟಿಯಂತೆಯೇ ಕಾಣುತ್ತದೆ. ಅಮ್ಮ ಅದನ್ನು ನೋಡಿ, "ನಮ್ಮ ಕೆಂಪಿ ದನ ಹೀಗೇ ಮಲಗುತ್ತಿತ್ತು" ಎಂದರು.

ಬೋಳಾರದ ರೊಸಾರಿಯೊ ಕೆಥೆಡ್ರಲ್‌ಗೆ ಅದೇ ರಾತ್ರಿ ಹೋದೆವು. ಚರ್ಚಿನ ಮೂಲ 1568ಕ್ಕೆ ಹೋಗುತ್ತದೆ. ಇಲ್ಲಿಯ ವಿಶೇಷ ಗುಮ್ಮಟ. ಅದರ ತುದಿಯ ಶಿಲುಬೆಗೆ ದಿನವೂ ದೀಪ ಇರುತ್ತದೆ, ಕಡಲಿನಲ್ಲಿರುವವರಿಗೂ ಕಾಣುವಂತೆ. ಹಾಗಾಗಿ ಹಬ್ಬದ ದೀಪ ಇಲ್ಲಿ ದಿನದ ದೀಪದ ಜೊತೆ ಸೇರಿಕೊಳ್ಳುತ್ತದೆ. ಜಾಗ ವಿಶಾಲ, ನೆಲ ಸಮತಟ್ಟು. ಅಮ್ಮ ಆರಾಮಾಗಿ ಕೂತರು. ಮಿಲಾಗ್ರಿಸ್‌ನಲ್ಲಿ ಪೇಟೆಯ ಗದ್ದಲ ಒಳಗೆ ಬರುತ್ತದೆ. ಇಲ್ಲಿ ಅಷ್ಟಿಲ್ಲ. ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ ಮಗುವಿಗೆ ಮಿಲಾಗ್ರಿಸ್, ವಯಸ್ಸಾದವರಿಗೆ ರೊಸಾರಿಯೊ ಎನ್ನುತ್ತೇನೆ.

ಬಲ್ಮಠದ ಶಾಂತಿ ಕೆಥೆಡ್ರಲ್ ಇವೆರಡರ ಸಾಲಿಗೆ ಬರುವುದಿಲ್ಲ. ಅದರ ಸೊಗಸು ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಪ್ರೊಟೆಸ್ಟೆಂಟ್ ಚರ್ಚು ಅದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ್ದು ಇದೇ ಮಿಷನ್ನಿನವರು. ಇಲ್ಲಿ ಅಲಂಕಾರ ಕಡಿಮೆ, ಹಾಡು ಜಾಸ್ತಿ. ಹೋಗುವುದಿದ್ದರೆ ನೋಡಲು ಹೋಗಬೇಡಿ, ಕೇಳಲು ಹೋಗಿ. ಕನ್ನಡದಲ್ಲಿ ಎಲ್ಲರೂ ಒಟ್ಟಿಗೆ ಹಾಡುವ ಕ್ರಿಸ್ಮಸ್ ಹಾಡು ಮೈ ಜುಮ್ಮೆನ್ನಿಸುತ್ತದೆ. ಇನ್ನು ಸಂತ ಅಲೋಶಿಯಸ್ ಚಾಪೆಲ್ ಹಗಲಿನ ಪಾಲಿಗೆ ಬಿಡಿ. 1899ರಿಂದ 1901ರವರೆಗೆ ಇಟಲಿಯ ಆಂಟೊನಿಯೊ ಮೊಸ್ಕೇನಿ ಗೋಡೆ, ಮಾಡು ತುಂಬ ಬರೆದ ಚಿತ್ರಗಳಿಗೆ ಸಂಜೆಯ ಬೆಳಕು ಸಾಲದು.

ಮೂರನೆಯದು ಓಣಿಗಳು. ಇದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಕುಲಶೇಖರದಲ್ಲಿ ಅಪ್ಪನ ಹಳೆಯ ಗೆಳೆಯರೊಬ್ಬರಿದ್ದಾರೆ. ದೀಪಾವಳಿಗೆ ನಾವು ಅವರ ಮನೆಗೆ ಸಿಹಿ ಕಳಿಸುತ್ತೇವೆ. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಬರುತ್ತದೆ. ನೆವ್ರಿ, ಕಿಡ್ಯೊ, ಗುಳಿಯೊ, ರೋಸ್ ಕುಕ್ಕಿ, ಚಕ್ಕುಲಿ ಎಲ್ಲ ಒಂದೇ ತಟ್ಟೆಯಲ್ಲಿ. ಈ ಸಲ ತಟ್ಟೆಯನ್ನು ನಾವೇ ಹೋಗಿ ತರೋಣ ಎಂದು 27ರ ಸಂಜೆ ಹೋದೆವು. ಗಾಡಿಯನ್ನು ಓಣಿಯ ತುದಿಯಲ್ಲೇ ಬಿಟ್ಟು ನಡೆದೆವು. ಮುನ್ನೂರು ಹೆಜ್ಜೆ ಇರಬಹುದು. ಆ ಮುನ್ನೂರು ಹೆಜ್ಜೆಗೆ ನಾವು ಒಂದೂವರೆ ಗಂಟೆ ತೆಗೆದುಕೊಂಡೆವು.

ಬೀದಿದೀಪ ಕಡಿಮೆ ಇರುವ ಓಣಿ. ಎರಡೂ ಬದಿಗೆ ಕಲ್ಲಿನ ಪಾಗಾರ. ಪ್ರತಿ ಮನೆಯ ಮುಂದೆ ಒಂದು ನಕ್ಷತ್ರ. ಒಂದು ಮಾವಿನ ಮರದಲ್ಲಿ, ಒಂದು ಜಗಲಿಯ ಮಾಡಿನಲ್ಲಿ, ಇನ್ನೊಂದು ಉದ್ದ ಬಿದಿರಿನ ಗಳದ ತುದಿಯಲ್ಲಿ. ಯಾವುದೂ ಇನ್ನೊಂದರ ಹಾಗಿಲ್ಲ. ಮಗು ಎಣಿಸುತ್ತಾ ಬಂದಳು, ಮೂವತ್ತೊಂದು. ಅಂಗಳದಲ್ಲಿ ಗೋದಲಿ ಕಟ್ಟಿದ ಮನೆಯವರು ನಾವು ಗೇಟಿನ ಹೊರಗೆ ನಿಂತದ್ದು ಕಂಡು ಒಳಗೆ ಕರೆದರು. ಗುರುತು ಪರಿಚಯ ಏನೂ ಇಲ್ಲ. ಅಮ್ಮನಿಗೆ ಕುರ್ಚಿ ಬಂತು. ಕೇಕ್ ಬಂತು.

ಆ ಮನೆಯ ಗೋದಲಿಯಲ್ಲಿ ಒಂದು ಸಣ್ಣ ಗದ್ದೆ ಇತ್ತು. ನಿಜವಾದ ಪೈರು. ನಾಲ್ಕು ಬೆರಳು ಎತ್ತರದ ಹಸಿರು, ಮುಟ್ಟಿದರೆ ತಣ್ಣಗೆ. ನಡುವೆ ಕನ್ನಡಿಯ ತುಂಡು ಇಟ್ಟು ಕೆರೆ ಮಾಡಿದ್ದರು. ಕೆರೆಯ ದಂಡೆಯಲ್ಲಿ ಮಣ್ಣಿನ ಬಾತುಕೋಳಿ. ಆ ಮನೆಯ ಅಜ್ಜಿ ಹೇಗೆ ಬೆಳೆಸುವುದು ಎಂದು ಹೇಳಿಕೊಟ್ಟರು. ಡಿಸೆಂಬರ್ 12ರ ಸುಮಾರಿಗೆ ಭತ್ತವನ್ನು ಒಂದು ರಾತ್ರಿ ನೆನೆಹಾಕಬೇಕು. ಮೊಳಕೆ ಕಣ್ಣು ಬಿಟ್ಟ ಮೇಲೆ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹಾಕಿ, ಮೇಲೆ ಒತ್ತಾಗಿ ಹರಡಬೇಕು. ಎರಡು ದಿನ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ಇಡಬೇಕು. ಆಮೇಲೆ ಬೆಳಗಿನ ಬಿಸಿಲು. ಗದ್ದೆ ಬೇಕಿದ್ದರೆ ಭತ್ತ, ಹುಲ್ಲುಗಾವಲು ಬೇಕಿದ್ದರೆ ರಾಗಿ. ರಾಗಿಯ ಪೈರು ನೂಲಿನ ಹಾಗೆ ಸಣ್ಣಗೆ ಬರುತ್ತದೆ, ಕುರಿ ನಿಲ್ಲಿಸಲು ಅದೇ ಚೆಂದ. "ಹೆಸರುಕಾಳು ಹಾಕಬೇಡಿ, ಉದ್ದ ಬೆಳೆದು ಬಗ್ಗುತ್ತದೆ" ಎಂದರು. ಹನ್ನೆರಡು ದಿನ ದಿನವೂ ನೀರು ಚಿಮುಕಿಸಿ ಬೆಳೆಸಿದ ಆ ಅಂಗೈಯಗಲದ ಗದ್ದೆಯ ಮುಂದೆ ಎರಡು ಮಹಡಿಯ ಮರ ನನಗೆ ನೆನಪಾಗಲೇ ಇಲ್ಲ.

ಓಣಿಯ ತೊಂದರೆಯನ್ನೂ ಹೇಳಬೇಕು. ಶೌಚಾಲಯ ಇಲ್ಲ. ಇಳಿಜಾರು ಇದೆ, ಮೆಟ್ಟಿಲು ಇದೆ. ಬೆಳಕು ಕಡಿಮೆ ಇರುವುದರಿಂದ ವಯಸ್ಸಾದವರ ಕೈ ಹಿಡಿದೇ ನಡೆಸಬೇಕು. ಎಲ್ಲಕ್ಕಿಂತ ಮುಖ್ಯ, ಅದು ಜನ ವಾಸ ಮಾಡುವ ಜಾಗ. ಕೇಳದೆ ಯಾರ ಮನೆಯ ಫೋಟೋ ತೆಗೆಯಬಾರದು. ರಾತ್ರಿ ಒಂಬತ್ತರ ಒಳಗೆ ಹೊರಟುಬಿಡಬೇಕು. ಇಷ್ಟು ಮಾಡಿದರೆ ಕುಲಶೇಖರ ಮಾತ್ರ ಅಲ್ಲ, ಬಿಜೈ, ಬೆಂದೂರು, ವೆಲೆನ್ಸಿಯಾ, ಜೆಪ್ಪು ಎಲ್ಲ ಕಡೆ ಇಂಥ ಓಣಿಗಳು ಇದ್ದೇ ಇವೆ.

ಓಣಿಯಲ್ಲಿ ನೋಡುವಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಈ ಮೂವತ್ತೊಂದರಲ್ಲಿ ಕಣ್ಣು ನಿಂತದ್ದು ಯಾವುದರ ಮೇಲೆ? ಹೆಚ್ಚಾಗಿ ಮಂದ ಬೆಳಕಿನ, ಕೈಯಲ್ಲಿ ಕಟ್ಟಿದ ನಕ್ಷತ್ರಗಳ ಮೇಲೆ. ನಮ್ಮ ಮನೆಯ ಜಗಲಿಯಲ್ಲೂ ಆಗ ಮೂರು ಬಗೆಯ ನಕ್ಷತ್ರ ತೂಗುತ್ತಿತ್ತು. ಮಗು ಬಂದಿದ್ದಾಳೆಂದು 10ನೇ ತಾರೀಕಿಗೇ ಹಾಕಿದ್ದೆ. ಜನವರಿ 6ರವರೆಗೆ, ಅಂದರೆ ಮೂಡಣ ದೇಶದ ಜೋಯಿಸರು ನಕ್ಷತ್ರದ ಜಾಡು ಹಿಡಿದು ಬಾಲಯೇಸುವನ್ನು ಕಾಣಲು ಬಂದ ನೆನಪಿನ ಹಬ್ಬದವರೆಗೆ, ಅವನ್ನು ಇಳಿಸಲಿಲ್ಲ. ಸುಮಾರು ನಾಲ್ಕು ವಾರ. ಹಾಗಾಗಿ ಇವುಗಳ ಬಗ್ಗೆ ಅನುಭವದಿಂದಲೇ ಹೇಳಬಲ್ಲೆ.

ಒಂದು, ಅಂಗಡಿಯ ಮಡಚುವ ಕಾಗದದ ನಕ್ಷತ್ರ. 220 ರೂಪಾಯಿ ಕೊಟ್ಟೆ. ಸಣ್ಣ ಸಣ್ಣ ತೂತು ಕೊರೆದು ಒಳಗಿಂದ ಬಣ್ಣದ ಹಾಳೆ ಅಂಟಿಸಿರುತ್ತಾರೆ. ಬಿಡಿಸಿ ದಾರ ಕಟ್ಟಿದರೆ ಎರಡು ನಿಮಿಷದಲ್ಲಿ ತಯಾರು. ಮೊದಲ ವಾರ ತುಂಬ ಚೆನ್ನಾಗಿತ್ತು. ತೂತಿನಿಂದ ಬಿದ್ದ ಚುಕ್ಕಿಬೆಳಕು ಜಗಲಿಯ ಗೋಡೆ ಮೇಲೆಲ್ಲ ಆಡುತ್ತಿತ್ತು. ಆದರೆ ನಮ್ಮೂರಿನ ರಾತ್ರಿಯ ಇಬ್ಬನಿಗೆ ಕಾಗದ ಮೆತ್ತಗಾಯಿತು. ಸಂಜೆಯ ಕಡಲಗಾಳಿಗೆ ಅಂಟು ಬಿಟ್ಟು ಒಂದು ಮೂಲೆ ಜೋತುಬಿತ್ತು. ಮನೆಯ ಒಳಗೆ, ಇಲ್ಲವೇ ಬಾಲ್ಕನಿಯ ಒಳಬದಿಗೆ ಇದು ಒಳ್ಳೆಯ ಆಯ್ಕೆ. ತೆರೆದ ಜಗಲಿಗೆ ಬೇಡ.

ಎರಡು, ಎಲ್‌ಇಡಿ ನಕ್ಷತ್ರ. ಪ್ಲಾಸ್ಟಿಕ್ ಕೊಳವೆಯೊಳಗೆ ದೀಪ. 750 ರೂಪಾಯಿ. ಮಳೆ ಬಂದರೂ ಗಾಳಿ ಬಂದರೂ ಚಿಂತೆ ಇಲ್ಲ. ಕರೆಂಟ್ ಖರ್ಚು ಕಡಿಮೆ. ಅರ್ಧ ಕಿಲೋಮೀಟರ್ ದೂರಕ್ಕೆ ಕಾಣುತ್ತದೆ. ಆದರೆ ಅದು ಬರೀ ಗೆರೆ. ಗೆರೆಯ ಒಳಗೆ ಏನೂ ಇಲ್ಲ. ಮಿನುಗುವ ಬಟನ್ ಒತ್ತಿದರೆ ಜಗಲಿಯಲ್ಲಿ ಕೂತು ಮಾತಾಡಲೂ ಆಗುವುದಿಲ್ಲ, ಕಣ್ಣು ಕುಕ್ಕುತ್ತದೆ. ಎರಡನೇ ವಾರ ಒಂದು ತೋಳು ಆರಿಹೋಯಿತು. ಸರಣಿಯಲ್ಲಿ ಜೋಡಿಸಿದ ದೀಪಗಳಲ್ಲಿ ಒಂದು ಹೋದರೆ ಆ ಇಡೀ ತುಂಡು ಹೋಗುತ್ತದೆ. ರಿಪೇರಿ ಮಾಡುವವರು ಸಿಗಲಿಲ್ಲ. ಎತ್ತರದ ಕಟ್ಟಡದ ತಾರಸಿಗೆ, ದೂರದಿಂದ ಗುರುತು ಸಿಗಬೇಕಾದ ಜಾಗಕ್ಕೆ ಇದನ್ನು ಹಾಕಬಹುದು.

ಮೂರನೆಯದು ಬಿದಿರಿನ ಕಡ್ಡಿಯಲ್ಲಿ ನಾವೇ ಕಟ್ಟಿದ್ದು. ನಮ್ಮದು ದೀಪಾವಳಿಗೆ ಗೂಡುದೀಪ ಕಟ್ಟುವ ಮನೆ. ಅದೇ ಬಿದಿರು, ಅದೇ ಬಣ್ಣದ ಕಾಗದ, ಅದೇ ಮೈದಾ ಅಂಟು. ಮಂಗಳೂರಿನಲ್ಲಿ ಗೂಡುದೀಪ ಕಟ್ಟಬಲ್ಲ ಕೈ ನಕ್ಷತ್ರವನ್ನೂ ಕಟ್ಟುತ್ತದೆ, ನಕ್ಷತ್ರ ಕಟ್ಟಬಲ್ಲ ಕೈ ಗೂಡುದೀಪವನ್ನೂ. ಇದು ನಾನು ಚಿಕ್ಕಂದಿನಿಂದ ನೋಡಿದ್ದು. ಅಪ್ಪ ಮತ್ತು ಕುಲಶೇಖರದ ಆ ಗೆಳೆಯರ ಸ್ನೇಹ ಶುರುವಾದದ್ದೇ ಬಿದಿರು ಹಂಚಿಕೊಂಡು.

ಮೂರು ಅಡಿಯ ಹತ್ತು ಕಡ್ಡಿ ಬೇಕು, ಏಳು ಇಂಚಿನ ಐದು ಕಡ್ಡಿ ಬೇಕು. ಐದು ಉದ್ದ ಕಡ್ಡಿಗಳನ್ನು ಒಂದರ ಮೇಲೆ ಒಂದರ ಕೆಳಗೆ ಹೆಣೆದು ಒಂದು ನಕ್ಷತ್ರ. ಹಾಗೇ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಬಿಗಿಯಾಗಿ ಕಟ್ಟಬೇಕು. ಆಮೇಲೆ ನಡುವಿನ ಐದು ಕೂಡುಗಳಲ್ಲಿ ಗಿಡ್ಡ ಕಡ್ಡಿಗಳನ್ನು ತುರುಕಬೇಕು. ಆ ಕ್ಷಣ ನೋಡಬೇಕು ನೀವು. ಚಪ್ಪಟೆಯಾಗಿ ಮಲಗಿದ್ದ ನಕ್ಷತ್ರ ಉಸಿರೆಳೆದುಕೊಂಡ ಹಾಗೆ ಉಬ್ಬಿ ನಿಲ್ಲುತ್ತದೆ. ಹುಡುಗಿ ಚಪ್ಪಾಳೆ ತಟ್ಟಿದ್ದು ಆಗಲೇ. ದೀಪ ಹಚ್ಚಿದಾಗ ಅಲ್ಲ. ಕಡ್ಡಿ ಸೀಳುವಾಗ ಗೆಣ್ಣು ತುದಿಗೆ ಬಾರದ ಹಾಗೆ ನೋಡಿಕೊಳ್ಳಿ, ಕಟ್ಟುವಾಗ ಅಲ್ಲೇ ಮುರಿಯುತ್ತದೆ.

ಕಾಗದಕ್ಕೆ ಇಪ್ಪತ್ತು ತ್ರಿಕೋನ, ಎರಡು ಪಂಚಕೋನ. ಕಡ್ಡಿಯ ಅಳತೆಗಿಂತ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸಿ, ಕಡ್ಡಿಗೆ ಸುತ್ತಿ ಅಂಟಿಸಬೇಕು. ನಾವು ಮುಂದಿನ ಮುಖಕ್ಕೆ ಬಿಳಿ, ಬದಿಗಳಿಗೆ ಕೆಂಪು ಹಾಕಿದೆವು. ಅಂಟು ಒಣಗಿದ ಮೇಲೆ ಬಿಳಿ ಕಾಗದದ ಮೇಲೆ ತೆಳ್ಳಗೆ ನೀರು ಚಿಮುಕಿಸಿ ನೆರಳಲ್ಲಿ ಒಣಗಿಸಿದರೆ ಅದು ಚೆಂಡೆಯ ಚರ್ಮದ ಹಾಗೆ ಬಿಗಿಯಾಗುತ್ತದೆ. ಕೆಂಪಿಗೆ ನೀರು ತಾಗಿಸಬೇಡಿ, ಬಣ್ಣ ಬಿಡುತ್ತದೆ. ಹಿಂದೆ ಒಂದು ತ್ರಿಕೋನವನ್ನು ಅರ್ಧ ಅಂಟಿಸದೆ ಬಿಡಿ, ಬಲ್ಬ್ ಹಾಕಲು. ಅಪ್ಪನ ಕಾಲದಲ್ಲಿ ನಲವತ್ತು ವ್ಯಾಟಿನ ಹಳೆಯ ಬಲ್ಬ್ ಹಾಕಿ ಕಾಗದ ಕಂದಿದ್ದು ನೆನಪಿದೆ. ಈಗ ಐದು ವ್ಯಾಟಿನ ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಸಾಕು, ಬಿಸಿಯಾಗುವುದಿಲ್ಲ. ಬಿಳಿ ಬೆಳಕಿನದ್ದು ತರಬೇಡಿ. ಅದರಲ್ಲಿ ಕೆಂಪು ಕಾಗದ ಸಪ್ಪೆಯಾಗಿ ಕಾಣುತ್ತದೆ.

ಖರ್ಚು 180 ರೂಪಾಯಿ, ಬಿದಿರು ಮನೆಯದೇ. ಸಮಯ ಎರಡು ಸಂಜೆ. ನಾಲ್ಕು ವಾರದಲ್ಲಿ ಎರಡು ಕಡೆ ಕಾಗದ ಹರಿಯಿತು. ಎರಡೂ ಸಲ ಹತ್ತು ನಿಮಿಷದಲ್ಲಿ ತೇಪೆ ಹಾಕಿದೆವು. ಮೂರರಲ್ಲಿ ಕೆಟ್ಟರೆ ಸರಿಮಾಡಲು ಬಂದದ್ದು ಇದೊಂದೇ. ರಸ್ತೆಯಲ್ಲಿ ಹೋಗುವವರು ನಿಂತು "ಯಾರು ಕಟ್ಟಿದ್ದು?" ಎಂದು ಕೇಳಿದ್ದೂ ಇದೊಂದನ್ನೇ. ಕೈಯಲ್ಲಿ ಕಟ್ಟುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ, ನನಗೆ ಗೊತ್ತು. ಆದರೆ ಮನೆಯಲ್ಲಿ ಒಂದು ಮಗು ಇದ್ದರೆ ಎರಡು ಸಂಜೆ ಇದಕ್ಕೆ ಕೊಡಿ ಎಂದು ನಿಜವಾಗಿಯೂ ಕೇಳಿಕೊಳ್ಳುತ್ತೇನೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಒಂದೇ ಸಂಜೆ ಇದ್ದರೆ ಎಲ್ಲಿಗೆ? 25 ದಾಟಿದ ಮೇಲೆ, ಜನವರಿ ಮೊದಲ ವಾರದ ಒಳಗೆ ಒಂದು ದಿನ ಆರಿಸಿಕೊಳ್ಳಿ. 24ರ ಸಂಜೆ ಚರ್ಚುಗಳಲ್ಲಿ ಪೂಜೆಯ ಹೊತ್ತು, ಸುಮ್ನೆ ನೋಡಲು ಹೋದವರಿಂದ ಭಕ್ತರಿಗೆ ತೊಂದರೆ. ಡಿಸೆಂಬರಿನಲ್ಲಿ ಆರೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆರೂವರೆಗೆ ಮಿಲಾಗ್ರಿಸ್‌ನಲ್ಲಿ ಇರಿ. ಅರ್ಧ ಗಂಟೆ ಸಾಕು. ಅಲ್ಲಿಂದ ಆಟೋ ಹಿಡಿದು ಯಾವುದಾದರೂ ಒಂದು ಓಣಿಗೆ ಹೋಗಿ. ಮಂಡಿನೋವಿನವರು ಜೊತೆಗಿದ್ದರೆ ಓಣಿಯ ಬದಲು ರೊಸಾರಿಯೊ. ಮಳೆ ಬಂದರೆ, ಇಲ್ಲವೇ ಕೈಯಲ್ಲಿ ಕೂಸಿದ್ದರೆ ಮಾಲ್, ಅದೂ ವಾರದ ನಡುವಿನ ದಿನ. ಡಿಸೆಂಬರ್ ತಪ್ಪಿಹೋದರೂ ಬೇಸರ ಬೇಡ. ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರದಲ್ಲಿ ಜನವರಿ ಮಧ್ಯದಲ್ಲಿ ವಾರ್ಷಿಕ ಹಬ್ಬ ಇದೆ.

ಅಕ್ಕನ ಮಗಳು ಹೊರಡುವ ದಿನ ಬಿದಿರಿನ ನಕ್ಷತ್ರವನ್ನು ಬೆಂಗಳೂರಿಗೆ ಒಯ್ಯುತ್ತೇನೆ ಎಂದಳು. ಬಸ್ಸಿನಲ್ಲಿ ಹಿಡಿಸುವುದಿಲ್ಲ. ಕಾಗದ ಬಿಚ್ಚಿ, ಗಿಡ್ಡ ಕಡ್ಡಿಗಳನ್ನು ತೆಗೆದು, ಚಪ್ಪಟೆ ಮಾಡಿ ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟೆ. ಐದು ಗಿಡ್ಡ ಕಡ್ಡಿ ಬೇರೆ ಕಟ್ಟು. ಈ ಸಲ ಡಿಸೆಂಬರಿಗೆ ಅದನ್ನು ಅವಳೇ ಉಬ್ಬಿಸಬೇಕು.